ಮರುಸಂಸ್ಕರಿತ ಬಟ್ಟೆಯ ಖರೀದಿ: ಅನುಮಾನ ಎಲ್ಲಿ ಬೇಕು, ಎಲ್ಲಿ ಬೇಡ

ಉಟ್ಟು ಬಿಟ್ಟ ಬಟ್ಟೆ, ಗಾರ್ಮೆಂಟ್ ಕಾರ್ಖಾನೆಯಲ್ಲಿ ಉಳಿದ ಕತ್ತರಿಕೆಯ ಚೂರು ಅಥವಾ ಖಾಲಿ ನೀರಿನ ಬಾಟಲಿಯನ್ನು ಮತ್ತೆ ನಾರಿನ ಹಂತಕ್ಕೆ ಇಳಿಸಿ, ಆ ನಾರಿನಿಂದ ಹೊಸದಾಗಿ ನೂತು ನೇಯ್ದದ್ದೇ ಮರುಸಂಸ್ಕರಿತ ಬಟ್ಟೆ. ಒಬ್ಬರು ತೊಟ್ಟದ್ದನ್ನು ಇನ್ನೊಬ್ಬರು ತೊಡುವ ಸೆಕೆಂಡ್‌ಹ್ಯಾಂಡ್ ಉಡುಪಾಗಲಿ, ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಯಾಗಲಿ ಈ ವರ್ಗಕ್ಕೆ ಸೇರುವುದಿಲ್ಲವಾದರೂ, ಗ್ರಾಹಕರ ಮನಸ್ಸಿನಲ್ಲಿ ಇವೆಲ್ಲ ಒಂದರೊಳಗೊಂದು ಬೆರೆತುಹೋಗಿರುವುದರಿಂದ, ಹಳೆ ಬಟ್ಟೆಗೆ ಅಂಟಿದ ಮೈಲಿಗೆಯ ಭಾವ ಹೊಸ ನೂಲಿಗೂ ಅಂಟಿಕೊಳ್ಳುತ್ತದೆ. ಪರಿಸರಸ್ನೇಹಿ ಉಡುಪನ್ನು ಕೊಳ್ಳುವೆವೆಂದು ಸಮೀಕ್ಷೆಗಳಲ್ಲಿ ಹೇಳುವವರೇ ಅಂಗಡಿಯಲ್ಲಿ ಬೇರೆಯದನ್ನು ಆರಿಸುವುದನ್ನು ಸಂಶೋಧಕರು ಮನೋಭಾವ ಮತ್ತು ವರ್ತನೆಯ ನಡುವಿನ ಅಂತರವೆಂದು ಕರೆಯುತ್ತಾರೆ. ಚೀಲಕ್ಕೂ ಜಾಕೆಟ್ಟಿಗೂ ಒಪ್ಪುವ ಗ್ರಾಹಕರು ಮೈಗೆ ತಾಗುವ ಒಳಉಡುಪಿನ ಮಾತು ಬಂದಾಗ ಹಿಂಜರಿಯುತ್ತಾರೆ.

ಆದ್ದರಿಂದ ಮೊದಲ ಹೆಜ್ಜೆಯೆಂದರೆ ಸ್ವಚ್ಛತೆಯ ಅನುಮಾನವನ್ನು ಪರೀಕ್ಷಿಸಿಕೊಳ್ಳುವುದು. ಬಾಟಲಿಯನ್ನು ತೊಳೆದು, ಚಕ್ಕೆ ಮಾಡಿ, ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕರಗಿಸಿ ಎಳೆ ತೆಗೆಯುವುದರಿಂದ ಅಲ್ಲಿ ರೋಗಾಣು ಉಳಿಯುವ ಪ್ರಶ್ನೆಯೇ ಇಲ್ಲ. ತಿರುಪ್ಪೂರಿನಂಥ ಊರುಗಳ ಹೊಸೈರಿ ಕಾರ್ಖಾನೆಗಳ ಕತ್ತರಿಕೆಯ ಚೂರುಗಳಿಂದ ತೆಗೆದ ಹತ್ತಿನೂಲನ್ನಂತೂ ಯಾರೂ ತೊಟ್ಟೇ ಇರುವುದಿಲ್ಲ. ಹರಿಯಾಣದ ಪಾಣಿಪತ್ ಈ ವಿಷಯದಲ್ಲಿ ಇನ್ನೂ ದೊಡ್ಡ ಪಾಠ. ವಿದೇಶಗಳಿಂದ ಬರುವ ಹಳೆಯ ಉಣ್ಣೆ ಉಡುಪುಗಳ ಗುಂಡಿ, ಜಿಪ್‌ಗಳನ್ನು ಕಿತ್ತು, ಬಣ್ಣಕ್ಕೆ ತಕ್ಕಂತೆ ವಿಂಗಡಿಸಿ, ಯಂತ್ರದಲ್ಲಿ ಸಿಗಿದು ಅಲ್ಲಿ ‘ಶಾಡಿ’ ಎಂಬ ನೂಲನ್ನು ತಯಾರಿಸುತ್ತಾರೆ. ವಿಂಗಡಣೆಯ ಹಂತದಲ್ಲೇ ಬಣ್ಣ ನಿರ್ಧಾರವಾಗುವುದರಿಂದ ಮತ್ತೆ ಬಣ್ಣ ಹಾಕುವ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ನೆರೆ, ಭೂಕಂಪಗಳ ಪರಿಹಾರ ಸಾಮಗ್ರಿಯಲ್ಲಿ ಹಂಚಲಾಗುವ ಅಗ್ಗದ ಕಂಬಳಿಗಳಲ್ಲಿ ಇಂಥ ನೂಲಿನವು ಎಷ್ಟೋ. ಅಗ್ಗದ ಕಂಬಳಿಯಲ್ಲಿ ಯಾರೂ ಹೇಳದೆ ಅಡಗಿರುವ ಗುಣವನ್ನೇ ಮಾಲ್‌ನ ದುಬಾರಿ ಟೀಶರ್ಟಿನ ಮೇಲೆ ಹಸಿರು ಅಕ್ಷರದಲ್ಲಿ ಸಾರಲಾಗುತ್ತದೆ ಎಂಬುದನ್ನು ಗ್ರಾಹಕರು ಗಮನಿಸಬೇಕು.

ಎರಡನೆಯದು, ಲೇಬಲ್‌ನಲ್ಲಿ ಶೇಕಡಾವಾರು ಪ್ರಮಾಣವನ್ನು ಹುಡುಕುವುದು. ಬರಿಯ ‘ರೀಸೈಕಲ್ಡ್’ ಎಂಬ ಪದಕ್ಕೆ ಬೆಲೆಯಿಲ್ಲ. ಯಾವ ನಾರು, ಎಷ್ಟು ಪಾಲು ಎಂಬುದು ನಮೂದಾಗಿರಬೇಕು. ಹತ್ತಿ ಬಟ್ಟೆಯನ್ನು ಸಿಗಿಯುವಾಗ ನಾರು ತುಂಡಾಗಿ ಗಿಡ್ಡವಾಗುವುದರಿಂದ, ಗಟ್ಟಿತನಕ್ಕಾಗಿ ಹೊಸ ಹತ್ತಿಯನ್ನೋ ಪಾಲಿಯೆಸ್ಟರನ್ನೋ ಬೆರೆಸುವುದು ರೂಢಿ. ಇದು ಮೋಸವಲ್ಲ, ಪ್ರಮಾಣವನ್ನು ಮುಚ್ಚಿಡುವುದು ಮೋಸ.

ಮೂರನೆಯ ಹೆಜ್ಜೆ ಮೂಲವನ್ನು ಕೇಳುವುದಾಗಿದ್ದು, ಸಾಮಾನ್ಯವಾಗಿ ಗ್ರಾಹಕರು ಕೇಳದೆ ಬಿಡುವ ಪ್ರಶ್ನೆಯೂ ಇದೇ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಬಾಟಲಿಗಳಿಂದಾದ ಬಟ್ಟೆಯ ಸಮವಸ್ತ್ರ ಯೋಜನೆಯನ್ನು ಪ್ರಕಟಿಸಿ, ಒಂದು ಜೊತೆಗೆ ಸುಮಾರು 28 ಬಾಟಲಿಗಳೆಂಬ ಲೆಕ್ಕ ಕೊಟ್ಟಿತು. ಅಂಥ ಬಟ್ಟೆಯ ನೀಲಿ ಜಾಕೆಟ್ಟನ್ನು ಪ್ರಧಾನಿಯವರು ಅದೇ ವಾರ ಸಂಸತ್ತಿನಲ್ಲಿ ತೊಟ್ಟ ಮೇಲೆ ಬಾಟಲಿ ಬಟ್ಟೆಯ ಮೇಲಿನ ಮುಜುಗರ ಸಾಕಷ್ಟು ಕಡಿಮೆಯಾಗಿರಲೂಬಹುದು. ಆದರೆ ಬಾಟಲಿ ಮತ್ತೆ ಬಾಟಲಿಯಾಗಬಲ್ಲದು, ಬಟ್ಟೆಯಾದ ಬಾಟಲಿ ಮಾತ್ರ ಬಣ್ಣ ಮತ್ತು ಮಿಶ್ರನಾರುಗಳ ತೊಡಕಿನಿಂದಾಗಿ ಮುಂದೆ ಮರುಸಂಸ್ಕರಣೆಗೆ ಒದಗುವುದು ವಿರಳ. ಉಡುಪಿಗೆ ಬಳಕೆಯಾಗುವ ಸಾಮಗ್ರಿಯಲ್ಲಿ ಮತ್ತೆ ಉಡುಪಾಗುವುದು ಶೇ. 1ಕ್ಕಿಂತ ಕಡಿಮೆ ಎಂದು ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ 2017ರಲ್ಲಿ ಅಂದಾಜಿಸಿತ್ತು. ಆದಕಾರಣ ಆಯ್ಕೆಯಿದ್ದಾಗ ಬಟ್ಟೆಯ ತ್ಯಾಜ್ಯದಿಂದ ಬಂದ ನೂಲಿಗೆ ಮೊದಲ ಮಣೆ ಹಾಕುವುದು ಮೇಲು. ಪಾಲಿಯೆಸ್ಟರನ್ನೇ ಕೊಂಡರೆ, ಒಗೆದಾಗ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ಉದುರುವುದರಿಂದ, ಅದನ್ನು ತಣ್ಣೀರಿನಲ್ಲಿ, ಕೊಳೆಯಾದಾಗ ಮಾತ್ರ ಒಗೆಯಬೇಕು.

ನಾಲ್ಕನೆಯದಾಗಿ ಪ್ರಮಾಣಪತ್ರ. ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆಯ ರೀಸೈಕಲ್ಡ್ ಕ್ಲೇಮ್ ಸ್ಟ್ಯಾಂಡರ್ಡ್ ಕೇವಲ ಶೇ. 5ರಷ್ಟು ಮರುಸಂಸ್ಕರಿತ ಅಂಶವಿದ್ದರೂ ದೊರೆಯುತ್ತದೆ. ಅದರದ್ದೇ ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್‌ನ ಮುದ್ರೆಯನ್ನು ಉಡುಪಿನ ಮೇಲೆ ಹಾಕಲು ಕನಿಷ್ಠ ಶೇ. 50 ಬೇಕಾಗಿದ್ದು, ಕಾರ್ಮಿಕರ ಸ್ಥಿತಿಗತಿ ಮತ್ತು ರಾಸಾಯನಿಕಗಳ ಬಳಕೆಯೂ ಅದರ ಪರಿಶೀಲನೆಗೆ ಒಳಪಡುತ್ತವೆ.

ಇಷ್ಟಾದರೂ ಹೇಳಿಕೆ ಸಂಶಯಾಸ್ಪದವೆನಿಸಿದರೆ ಕಾನೂನಿನ ನೆರವಿದೆ. ಪರಿಸರದ ಹೆಸರಿನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಇಂಥ ಹೇಳಿಕೆಗೆ ಪರಿಶೀಲಿಸಬಹುದಾದ ಆಧಾರವಿರಬೇಕು, ವಿವರಗಳು ಜಾಹೀರಾತಿನಲ್ಲಿ ಅಥವಾ ಕ್ಯೂಆರ್ ಕೋಡ್‌ನಂಥ ವ್ಯವಸ್ಥೆಯ ಮೂಲಕ ಗ್ರಾಹಕರಿಗೆ ಸಿಗಬೇಕು. ಸಿಗದಿದ್ದಲ್ಲಿ ಬಿಲ್ಲು ಮತ್ತು ಟ್ಯಾಗಿನ ಚಿತ್ರವನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು.