ಹತ್ತಿರದ ದಾರಿ, ಬೇಗ ಸೇರುವ ದಾರಿ

ಗೋಡೆಯ ಮೇಲಿನ ಭೂಪಟದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನೂ ನಮ್ಮ ಬೆಂಗಳೂರನ್ನೂ ಒಂದು ನೇರ ಗೆರೆಯಿಂದ ಕೂಡಿಸಿರಿ. ಆ ಗೆರೆಯು ಅಟ್ಲಾಂಟಿಕ್ ಸಾಗರವನ್ನೂ ಸಹಾರಾ ಮರುಭೂಮಿಯನ್ನೂ ದಾಟಿ ಬರುತ್ತದೆ. ಆದರೆ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವು ಉತ್ತರ ಧ್ರುವ ಪ್ರದೇಶದ ಮೇಲೆ ಹಾದು ಬೆಂಗಳೂರನ್ನು ಸೇರಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರೇ. ದಕ್ಷಿಣದ ಊರಿಗೆ ಬರಬೇಕಾದವರು ಉತ್ತರಕ್ಕೆ ಹೋದುದೇಕೆ?

ಭೂಪಟವು ಚಪ್ಪಟೆ; ಭೂಮಿಯು ಗೋಳ. ಗೋಳದ ಮೇಲೆ ಎರಡು ಸ್ಥಳಗಳ ನಡುವಣ ಅತ್ಯಂತ ಹತ್ತಿರದ ದಾರಿಯು ಮಹಾವೃತ್ತದ, ಎಂದರೆ ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ, ಒಂದು ಭಾಗ. ಶಾಲೆಯಲ್ಲಿರುವ ಭೂಗೋಳದ ಮೇಲೆ ಈ ಎರಡು ನಗರಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ಅದು ಅಲಾಸ್ಕ, ಸೈಬೀರಿಯಗಳ ಮೇಲೆ ಹಾಯುವುದು ಕಾಣುತ್ತದೆ. ಈ ದಾರಿಯ ಉದ್ದ ಸುಮಾರು 14,000 ಕಿಲೋಮೀಟರು. ಮರ್ಕೇಟರನ ಕ್ರಮದ ಭೂಪಟದಲ್ಲಿ ನಾವು ಮೊದಲು ಎಳೆದ ನೇರ ಗೆರೆಯಾದರೋ ಸುಮಾರು 20,000 ಕಿಲೋಮೀಟರು!

ಇನ್ನು ವಿಮಾನವು ಧ್ರುವದ ನೆತ್ತಿಯ ಮೇಲೆಯೇ ಹಾದುಬರುವುದೆಂದು ಭಾವಿಸೋಣ. ಸ್ಯಾನ್ ಫ್ರಾನ್ಸಿಸ್ಕೋದ ಅಕ್ಷಾಂಶ 37.6 ಡಿಗ್ರಿ, ಅಲ್ಲಿಂದ ಧ್ರುವಕ್ಕೆ 52.4 ಡಿಗ್ರಿ. ಬೆಂಗಳೂರಿನ ವಿಮಾನ ನಿಲ್ದಾಣದ ಅಕ್ಷಾಂಶ 13.2, ಧ್ರುವದಿಂದ ಇಲ್ಲಿಗೆ 76.8 ಡಿಗ್ರಿ. ಒಟ್ಟು 129.2. ಡಿಗ್ರಿಯೊಂದಕ್ಕೆ 111 ಕಿಲೋಮೀಟರಿನಂತೆ ಸುಮಾರು 14,350 ಕಿಲೋಮೀಟರು. ಇದು ಅತ್ಯಂತ ಹತ್ತಿರದ ದಾರಿಗಿಂತ 350 ಕಿಲೋಮೀಟರು ಹೆಚ್ಚು. ಹಾಗಾದರೆ ಈ ಸುತ್ತೇಕೆ?

ಕಾರಣ ಗಾಳಿ. ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತಿರುತ್ತದೆ. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರು ಎಂದೂ, ಹತ್ತಿರದ ದಾರಿಯಲ್ಲಿ ಸರಾಸರಿ 50 ಕಿಲೋಮೀಟರು ವೇಗದ ಎದುರುಗಾಳಿ ಇದೆಯೆಂದೂ ಇಟ್ಟುಕೊಳ್ಳೋಣ. ಆಗ 14,000 ಕಿಲೋಮೀಟರು ಕ್ರಮಿಸಲು 16 ಗಂಟೆ 28 ನಿಮಿಷ ಹಿಡಿಯುತ್ತದೆ. ಗಾಳಿಯ ತಡೆಯಿಲ್ಲದಿದ್ದರೆ ಧ್ರುವದ ದಾರಿಗೆ 16 ಗಂಟೆಯೂ ಹಿಡಿಯದು! ಉಳಿದ ಅರ್ಧ ಗಂಟೆಯೆಂದರೆ ಉಳಿದ ಇಂಧನ. ಆದರೆ ಅಲ್ಲಿ ಕಾಂತಸೂಚಿಯನ್ನು ನಂಬುವಂತಿಲ್ಲ. ಅಪಾಯ ಒದಗಿದರೆ ಇಳಿಯಲು ನಿಲ್ದಾಣಗಳೂ ವಿರಳ. ಆದುದರಿಂದ ದೂರ, ಆ ದಿನದ ಗಾಳಿ, ಸುರಕ್ಷತೆ ಈ ಮೂರನ್ನೂ ತೂಗಿನೋಡಿಯೇ ದಾರಿಯನ್ನು ನಿಶ್ಚಯಿಸಬೇಕಾಗುತ್ತದೆ.

ಕಡೆಯದಾಗಿ ಗಡಿಯಾರದ ಮಾತು. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. 9ರ ರಾತ್ರಿ 8-30ಕ್ಕೆ ಹೊರಟು 17 ಗಂಟೆಗಳ ಕಾಲ ಹಾರಿದವರು ಇಲ್ಲಿ ಇಳಿಯುವಾಗ 11ರ ನಸುಕಿನ 3 ಗಂಟೆ. 10ನೆಯ ತಾರೀಖು ಎಲ್ಲಿ ಹೋಯಿತೆಂದು ಅವರು ಬೆರಗಾದರೆ ತಪ್ಪೇನು?

ವಿದ್ಯಾರ್ಥಿಗಳಿಗೊಂದು ಪ್ರಶ್ನೆ: ಹೋಗುವಾಗ 100 ಕಿಲೋಮೀಟರು ವೇಗದ ಎದುರುಗಾಳಿ, ಬರುವಾಗ ಅಷ್ಟೇ ವೇಗದ ಅನುಕೂಲ ಗಾಳಿ. ಹೋಗುವಾಗ ಕಳೆದುಕೊಂಡ ಕಾಲವೆಲ್ಲವೂ ಬರುವಾಗ ಮರಳಿ ಸಿಕ್ಕೀತೇ? ಲೆಕ್ಕಮಾಡಿ ನೋಡಿರಿ.