ಮೀಟರಿನ ಎರಡು ಮುಳ್ಳು, ಕೊಳವೆಬಾವಿಯ ಲೆಕ್ಕ

ಪ್ರಶ್ನೆ: ನಮ್ಮ ಬೋರ್‌ವೆಲ್ ಪ್ಯಾನೆಲ್ ಬೋರ್ಡಿನಲ್ಲಿ ವೋಲ್ಟ್ ಮೀಟರ್ 400, ಆಂಪ್ಸ್ ಮೀಟರ್ 16 ತೋರಿಸುತ್ತೆ. ಮಗಳ ಹತ್ತನೇ ತರಗತಿ ಪುಸ್ತಕದಂತೆ ಗುಣಿಸಿದರೆ 6,400 ವ್ಯಾಟ್, ಅಂದರೆ ಎಂಟೂವರೆ ಎಚ್.ಪಿ. ಆದರೆ ಮೋಟರ್ ಹತ್ತು ಎಚ್.ಪಿ.ದು. ಭಾಗಿಸಿದರೆ 25 ಓಮ್ ಬರುತ್ತೆ. ಮೆಕ್ಯಾನಿಕ್ ಮೀಟರ್ ಹಿಡಿದಾಗ ನಾಲ್ಕು ಓಮ್ ಕೂಡ ಬರಲಿಲ್ಲ. ಪುಸ್ತಕ ತಪ್ಪೋ, ಮೀಟರ್ ತಪ್ಪೋ?
– ಓದುಗರೊಬ್ಬರು, ಜಂಗಮಕೋಟೆ, ಶಿಡ್ಲಘಟ್ಟ ತಾಲ್ಲೂಕು

ಎರಡೂ ಸರಿ. ಪುಸ್ತಕದ ಲೆಕ್ಕ ಯಾವ ಸಾಮಾನಿಗೆ ಹೊಂದುತ್ತದೆ ಎನ್ನುವುದನ್ನಷ್ಟೇ ನೋಡಬೇಕು.

ಮೊದಲು ರೇಷ್ಮೆ ಹುಳು ಮನೆಯ ಹೀಟರ್ ತೆಗೆದುಕೊಳ್ಳಿ. 230 ವೋಲ್ಟ್‌ನಲ್ಲಿ ಅದು 8.7 ಆಂಪ್ಸ್ ಎಳೆದರೆ ಗುಣಾಕಾರ 2,000 ವ್ಯಾಟ್, ಭಾಗಾಕಾರ ಸುಮಾರು 26 ಓಮ್. ಹೀಟರಿನ ಸುರುಳಿಗೆ ಬಿಸಿಯಾಗುವುದು ಬಿಟ್ಟು ಬೇರೆ ಕೆಲಸವಿಲ್ಲ; ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಅದಕ್ಕೆ ನೇರವಾಗಿ ಒಪ್ಪುತ್ತದೆ. ರಾತ್ರಿ ಕರೆಂಟು 180 ವೋಲ್ಟ್‌ಗೆ ಇಳಿಯಿತು ಅನ್ನಿ. ಓಮ್ ಅಷ್ಟೇ ಇರುವುದರಿಂದ ಆಂಪ್ಸ್ 6.8ಕ್ಕೆ ಇಳಿಯುತ್ತದೆ, ಶಕ್ತಿ 1,225 ವ್ಯಾಟ್. ವೋಲ್ಟ್ ಕಾಲು ಭಾಗದಷ್ಟೂ ತಗ್ಗಿಲ್ಲ, ಶಾಖ ಮಾತ್ರ ಶೇ. 40ರಷ್ಟು ಹೋಯಿತು! ಚಳಿಗಾಲದ ರಾತ್ರಿ ಹೀಟರ್ ಉರಿಯುತ್ತಿದ್ದರೂ ಚಾಕಿ ಹುಳುಗಳಿಗೆ ಬೇಕಾದ 26–28 ಡಿಗ್ರಿ ಸಿಗದೆ ಹೋಗುವುದಕ್ಕೆ ಇದೂ ಒಂದು ಕಾರಣ.

ಮೋಟರ್ ಹಾಗಲ್ಲ. ನಿಮ್ಮದು ತ್ರೀ ಫೇಸ್. 400 ಎನ್ನುವುದು ಎರಡು ಫೇಸ್‌ಗಳ ನಡುವಿನ ವೋಲ್ಟ್, 16 ಎನ್ನುವುದು ಒಂದು ತಂತಿಯ ಆಂಪ್ಸ್. ಮೂರೂ ಸೇರಿದ ಲೆಕ್ಕಕ್ಕೆ ಗುಣಲಬ್ಧವನ್ನು ಮತ್ತೆ 1.73ರಿಂದ ಗುಣಿಸಬೇಕು, ಸುಮಾರು 11,000 ಬರುತ್ತದೆ. ಇದರಲ್ಲೂ ಒಂದು ಪಾಲು ಕರೆಂಟು ಮೋಟರಿನೊಳಗೆ ಕಾಂತಕ್ಷೇತ್ರ ಕಟ್ಟಲು ಹೋಗಿ ವಾಪಸಾಗುತ್ತದೆ, ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಪವರ್ ಫ್ಯಾಕ್ಟರ್‌ನಿಂದ ಗುಣಿಸುತ್ತಾರೆ. 0.82 ಎಂದು ಹಿಡಿದರೆ 9,000 ವ್ಯಾಟ್ ಚಿಲ್ಲರೆ. ಹತ್ತು ಎಚ್.ಪಿ. ಅಂದರೆ 7,460 ವ್ಯಾಟ್, ಅದು ಮೋಟರಿನ ಶಾಫ್ಟ್ ಪಂಪಿಗೆ ಕೊಡುವ ಶಕ್ತಿ. ಮಿಕ್ಕಿದ್ದು ಕೇಬಲಿನಲ್ಲಿ, ಮೋಟರಿನಲ್ಲಿ ಶಾಖವಾಗಿ, ಉಜ್ಜಾಟದಲ್ಲಿ ಕಳೆಯುತ್ತದೆ. ನಿಮ್ಮ ಮೀಟರ್ ನಿಜವನ್ನೇ ಹೇಳುತ್ತಿದೆ.

ಇನ್ನು ಆ 25 ಓಮ್. ಮೆಕ್ಯಾನಿಕ್ ಕರೆಂಟು ತೆಗೆದು ಅಳೆದದ್ದು ಕೇಬಲ್ ಮತ್ತು ವೈಂಡಿಂಗ್‌ನ ತಾಮ್ರದ ಪ್ರತಿರೋಧ, ಅದು ಕಡಿಮೆಯೇ. ತಿರುಗುತ್ತಿರುವ ಮೋಟರ್ ಬಂದ ವೋಲ್ಟ್‌ಗೆ ಎದುರಾಗಿ ತಾನೇ ವೋಲ್ಟ್ ಹುಟ್ಟಿಸುತ್ತದೆ, ಕರೆಂಟನ್ನು ಹಿಡಿದಿಡುವುದು ಮುಖ್ಯವಾಗಿ ಅದು. ಸ್ಟಾರ್ಟ್ ಮಾಡಿದ ಕ್ಷಣ ತಿರುಗಾಟ ಇನ್ನೂ ಇಲ್ಲವಲ್ಲ, ಹಾಗಾಗಿ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕುವುದು ಇದಕ್ಕೇ.

ನಾನು ಒತ್ತಿ ಹೇಳಬೇಕೆಂದಿರುವುದು ಮುಂದಿನ ಮಾತು. ವೋಲ್ಟ್ ಇಳಿದರೆ ಹೀಟರ್ ಕಡಿಮೆ ಆಂಪ್ಸ್ ಎಳೆಯುತ್ತದೆ, ಮೋಟರ್ ಹೆಚ್ಚು ಎಳೆಯುತ್ತದೆ. ಮೇಲೆತ್ತಬೇಕಾದ ನೀರಿನ ಭಾರ ಅಷ್ಟೇ ಇರುವುದರಿಂದ ವೋಲ್ಟ್‌ನ ಕೊರತೆಯನ್ನು ಅದು ಆಂಪ್ಸ್‌ನಲ್ಲಿ ತುಂಬಿಕೊಳ್ಳುತ್ತದೆ. ವೈಂಡಿಂಗ್‌ನ ಶಾಖ ಆಂಪ್ಸ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಜೂಲ್ 1841ರಲ್ಲಿ ತೋರಿಸಿದರು. ಮುಳ್ಳು 16ರಿಂದ 19ಕ್ಕೆ ಹೋದರೆ ಶಾಖ ಶೇ. 40ರಷ್ಟು ಹೆಚ್ಚು. ಲೋ ವೋಲ್ಟೇಜಿನಲ್ಲಿ ಮೋಟರ್ ಸುಟ್ಟುಹೋಗುವುದು ಹೀಗೆ. ಸಾವಿರ ಅಡಿ ಕೆಳಗಿನ ಮೋಟರ್ ಎತ್ತಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ನಿಮಗೆ ಹೇಳಿಕೊಡಬೇಕಿಲ್ಲ.

ಆ ಆಳಕ್ಕೆ ಹೋಗುವ ಕೇಬಲನ್ನೂ ಲೆಕ್ಕಕ್ಕೆ ತನ್ನಿ. 1,200 ಅಡಿ ಉದ್ದದ 6 ಚದರ ಮಿ.ಮೀ. ತಾಮ್ರದ ಕೇಬಲಿನ ಒಂದೊಂದು ಎಳೆಗೂ ಸುಮಾರು 1.1 ಓಮ್. 16 ಆಂಪ್ಸ್ ಹರಿದರೆ ಮೂರು ಎಳೆಯಲ್ಲಿ ಸೇರಿ 850 ವ್ಯಾಟ್‌ನಷ್ಟು ಕೇಬಲಿನಲ್ಲೇ ಶಾಖವಾಗಿ ಹೋಗುತ್ತದೆ. ಮೋಟರಿಗೆ ಮುಟ್ಟುವ ವೋಲ್ಟ್ ಕೂಡ ಬೋರ್ಡಿನಲ್ಲಿ ಕಾಣುವುದಕ್ಕಿಂತ 25ಕ್ಕೂ ಹೆಚ್ಚು ಕಡಿಮೆ. 10 ಚದರ ಮಿ.ಮೀ. ಕೇಬಲ್ ಆದರೆ ನಷ್ಟ 500ರ ಆಸುಪಾಸಿಗೆ ಇಳಿಯುತ್ತದೆ.

ನಮ್ಮ ಸೀಮೆಗೆ ಈ ಲೆಕ್ಕ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ತಂದಾಗ 30,000 ವೋಲ್ಟ್ ಮೇಲ್ಪಟ್ಟ ಒತ್ತಡ ಬಳಸಿದರು. ವೋಲ್ಟ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಆಂಪ್ಸ್ ಹತ್ತನೇ ಒಂದು ಪಾಲು ಸಾಕು. ಅದೇ ತಂತಿಯಲ್ಲಿ ನಷ್ಟ ನೂರನೇ ಒಂದು ಪಾಲು. ನಿಮ್ಮ ಟ್ರಾನ್ಸ್‌ಫಾರ್ಮರ್ (ಟಿ.ಸಿ.) ವರೆಗೆ 11,000 ವೋಲ್ಟ್ ಬರುವುದೂ ಇದೇ ಕಾರಣಕ್ಕೆ. ಅಲ್ಲಿಂದ ನಿಮ್ಮ ಬೋರ್‌ವೆಲ್ ಎಷ್ಟು ದೂರವೋ, ನಷ್ಟ ಅಷ್ಟು.

ಮೋಟರಿನ ನೇಮ್ ಪ್ಲೇಟ್ ಮೇಲಿನ ಆಂಪ್ಸ್ ನೋಡಿ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಅದಕ್ಕೆ ತಕ್ಕಂತೆ ಮೆಕ್ಯಾನಿಕ್ ಕೈಯಲ್ಲೇ ಇಡಿಸಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸಬೇಡಿ. ಟ್ರಿಪ್ ಆದಾಗ ವೋಲ್ಟ್ ಎಷ್ಟಿತ್ತು, ಮೂರು ಫೇಸಿನ ಆಂಪ್ಸ್ ಎಷ್ಟೆಷ್ಟಿತ್ತು ಎಂದು ಮಗಳ ಕೈಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಒಂದು ಫೇಸ್ ಮಾತ್ರ ಹೆಚ್ಚು ಎಳೆಯುತ್ತಿದ್ದರೆ ಮೋಟರ್ ಎತ್ತುವ ಮೊದಲು ಲೈನ್ ತೋರಿಸಿ.