ಗೇರಿನ ಕೊನೆಯ ಹಲ್ಲು ದಪ್ಪವೇಕೆ?

ನಾಲ್ಕು ಅಕ್ಷಗಳ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರದಲ್ಲಿ ಗೇರು ಕೊರೆಯುವ ಬಂಧುಗಳಿಗೆ ಎದುರಾಗುವ ತೊಡಕೊಂದನ್ನು ನಾವು ಈ ಸಲ ವಿಚಾರಿಸೋಣ. ಹಲ್ಲುಗಳೆಲ್ಲ ಸರಿಯಾಗಿದ್ದು ಕೊನೆಯದೊಂದೇ ದಪ್ಪವಾದರೆ, ಮೊದಲು ಲೆಕ್ಕವನ್ನು ನೋಡಬೇಕು.

23 ಹಲ್ಲಿನ ಗೇರು ಎನ್ನೋಣ. 360 ಡಿಗ್ರಿಯನ್ನು 23ರಿಂದ ಭಾಗಿಸಿದರೆ 15.65217 ಎಂದು ಮುಗಿಯದೆ ಹೋಗುತ್ತದೆ. ಪ್ರತಿ ಸಲವೂ 15.65 ಮಾತ್ರ ತಿರುಗಿಸಿದರೆ, 23 ಸಲಕ್ಕೆ ಆಗುವುದು 359.95. ಉಳಿದ 0.05 ಡಿಗ್ರಿಯೆಲ್ಲ ಕೊನೆಯ ಹಲ್ಲಿಗೆ ಸೇರುತ್ತದೆ. 100 ಮಿ.ಮೀ. ವ್ಯಾಸದಲ್ಲಿ ಅದು ಸುಮಾರು 0.04 ಮಿ.ಮೀ.

ಇದಕ್ಕೆ ಪರಿಹಾರವೆಂದರೆ, ಪ್ರತಿ ಕೋನವನ್ನೂ ಸೊನ್ನೆಯಿಂದಲೇ ಎಣಿಸಿ ಜಿ-90 ಆಜ್ಞೆಯಲ್ಲಿ ಕೊಡುವುದು. ಎರಡನೆಯ ತಿರುವಿಗೆ 31.304, ಇಪ್ಪತ್ತೆರಡನೆಯದಕ್ಕೆ 344.348. ಆಗ ತಪ್ಪು ಕೂಡುತ್ತ ಹೋಗದು. ಹಲ್ಲುಗಳೆಲ್ಲ ಒಂದೇ ಕಡೆಗೆ ವಾಲಿದ್ದರೆ, ಕಟರಿನ ಮಧ್ಯವು ತುಂಡಿನ ಮಧ್ಯಕ್ಕೆ ನೇರವಾಗಿಲ್ಲವೆಂದು ತಿಳಿಯಬೇಕು.

ತುಂಡು ಹಾಳಾಗಿ ದಿನದ ದುಡಿಮೆ ವ್ಯರ್ಥವಾಗುವ ಮುನ್ನ, ಕೋನಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದು ನೋಡಿಕೊಳ್ಳುವುದು ಲೇಸು.